ಸುಟ್ಟ ಮೋಟಾರಿನ ಜಾಡು ಹಿಡಿದು: ಪಂಚಾಯಿತಿಯ ಖರ್ಚನ್ನು ಮಕ್ಕಳಿಗೆ ಕಲಿಸುವುದು ಹೀಗೆ

ಶಾಲಾ ಮಕ್ಕಳನ್ನು ಗ್ರಾಮ ಪಂಚಾಯಿತಿಗೆ ಕರೆದೊಯ್ಯುವ ‘ಕ್ಷೇತ್ರ ಭೇಟಿ’ ಬಹಳ ಕಡೆ ಹೇಗೆ ನಡೆಯುತ್ತದೆ ಎಂದು ಹದಿನೆಂಟು ವರ್ಷ ಸಮಾಜ ವಿಜ್ಞಾನ ಕಲಿಸುತ್ತಾ ನೋಡಿದ್ದೇನೆ. ನಲವತ್ತು ಮಕ್ಕಳು ಸಾಲಾಗಿ ಹೋಗುತ್ತಾರೆ. ಅಧ್ಯಕ್ಷರು ಮಾತಾಡುತ್ತಾರೆ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮಾತಾಡುತ್ತಾರೆ, ಬಿಸ್ಕತ್ತು ಹಂಚುತ್ತಾರೆ, ಬಾಗಿಲ ಮುಂದೆ ಗ್ರೂಪ್ ಫೋಟೊ. ಮರುದಿನ ತರಗತಿಯಲ್ಲಿ ಪಂಚಾಯಿತಿ ದುಡ್ಡು ಹೇಗೆ ಖರ್ಚಾಗುತ್ತದೆ ಎಂದು ಕೇಳಿದರೆ, “ಸರ್ಕಾರದಿಂದ ಬರುತ್ತೆ ಮೇಡಂ, ಅಧ್ಯಕ್ಷರು ಖರ್ಚು ಮಾಡ್ತಾರೆ” ಎಂಬ ಉತ್ತರ. ಅಂದರೆ ಮಕ್ಕಳು ಹೋಗಿದ್ದು ವ್ಯರ್ಥ. ಹಣವೆಲ್ಲ ಸರ್ಕಾರದಿಂದ ಬರುವುದಿಲ್ಲ. ಅಧ್ಯಕ್ಷರು ಒಬ್ಬರೇ ಖರ್ಚು ಮಾಡುವುದಕ್ಕೂ ಆಗುವುದಿಲ್ಲ.

ಇದಕ್ಕೆ ನಾನು ಕಂಡುಕೊಂಡ ದಾರಿ ಒಂದೇ. ಒಂದು ಸಣ್ಣ ಖರ್ಚನ್ನು ಹಿಡಿದು, ಅದು ಹುಟ್ಟಿದ ಜಾಗದಿಂದ ಹಣ ಪಾವತಿಯಾದ ದಿನದವರೆಗೆ ಮಕ್ಕಳೇ ಹಿಂಬಾಲಿಸಬೇಕು. ಎಂಟನೇ, ಒಂಬತ್ತನೇ ತರಗತಿಯವರು ಇದನ್ನು ಚೆನ್ನಾಗಿ ಮಾಡುತ್ತಾರೆ. ಶನಿವಾರಗಳಷ್ಟೇ ಸಿಕ್ಕರೂ ಎರಡು ತಿಂಗಳಲ್ಲಿ ಮುಗಿಯುತ್ತದೆ.

ಹಂತ 1: ಖರ್ಚು ಆರಿಸಿ

ಸಿಮೆಂಟ್ ರಸ್ತೆ, ಶಾಲಾ ಕಟ್ಟಡ ಬೇಡ. ಅದರಲ್ಲಿ ಎಂಜಿನಿಯರು, ಅಂದಾಜು ಪಟ್ಟಿ, ಟೆಂಡರು, ಅಳತೆ ಪುಸ್ತಕ ಎಲ್ಲ ಸೇರಿ ಮಕ್ಕಳು ಅರ್ಧದಲ್ಲೇ ಕೈಬಿಡುತ್ತಾರೆ. ಬೀದಿದೀಪದ ಬಲ್ಬು, ಚರಂಡಿ ಹೂಳೆತ್ತಿಸಿದ್ದು, ಬೋರ್‌ವೆಲ್ ಮೋಟಾರ್ ರಿಪೇರಿ, ಇಂಥದ್ದು ಸಾಕು. ನಮ್ಮ ಮಧುಗಿರಿ, ಶಿರಾ ಕಡೆಗೆ ನನ್ನ ಆಯ್ಕೆ ಯಾವಾಗಲೂ ಮೋಟಾರ್. ನೀರು ನಿಂತ ಎರಡು ದಿನ ಕೊಡ ಹೊತ್ತವರು ಈ ಮಕ್ಕಳೇ. ಆ ಖರ್ಚು ಯಾಕಾಯಿತು ಎಂದು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಡ್ಡಾಯವಾಗಿ ಹಣ ಪಾವತಿಯಾಗಿ ಮುಗಿದ ಖರ್ಚನ್ನೇ ಆರಿಸಿ. ಇನ್ನೂ ನಡೆಯುತ್ತಿರುವುದರ ಕಡತ ಮೇಜಿನಿಂದ ಮೇಜಿಗೆ ಓಡಾಡುತ್ತಿರುತ್ತದೆ, ನೀವು ಹೋದ ದಿನ ಸಿಗುವುದಿಲ್ಲ.

ಹಂತ 2: ತಂಡ, ಪತ್ರ, ದಿನ

ಎಂಟು ಮಕ್ಕಳಿಗಿಂತ ಹೆಚ್ಚು ಬೇಡ. ಮುಖ್ಯ ಶಿಕ್ಷಕರ ಪತ್ರ ವಾರ ಮೊದಲೇ ತಲುಪಿಸಿ, ಯಾವ ಖರ್ಚಿನ ಕಡತ ನೋಡಬೇಕು ಎಂದು ಅದರಲ್ಲೇ ಬರೆಯಿರಿ. ಮಾರ್ಚ್ ತಿಂಗಳು ಬೇಡವೇ ಬೇಡ. ಕಂದಾಯ ವಸೂಲಿ, ವರ್ಷದ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ಮಕ್ಕಳ ಕೈಗೆ ಗೆರೆ ಹಾಕಿದ ಉದ್ದ ನೋಟ್‌ಬುಕ್ ಮತ್ತು ಪೆನ್ಸಿಲ್ ಕೊಡಿ, ಮೊಬೈಲ್ ಕೊಡಬೇಡಿ. ಮೊದಲ ವರ್ಷ ನಾನು ಮೊಬೈಲ್ ಬಿಟ್ಟಿದ್ದೆ. ಹತ್ತು ನಿಮಿಷದಲ್ಲಿ ಅರವತ್ತು ಪುಟದ ಫೋಟೊ ತೆಗೆದರು, ಒಂದನ್ನೂ ಓದಲಿಲ್ಲ. ಕೈಯಲ್ಲಿ ನಕಲು ಮಾಡುವಾಗ ಮಾತ್ರ “ಮೇಡಂ, ಈ ಪದ ಏನು?” ಎಂಬ ಪ್ರಶ್ನೆ ಹುಟ್ಟುತ್ತದೆ.

ಇಲ್ಲೇ ಒಂದು ಮಾತು. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ‘ಮೂರು ಹಂತದ ಪಂಚಾಯತ್ ರಾಜ್’ ಚಾರ್ಟನ್ನು ದಯವಿಟ್ಟು ತರಬೇಡಿ. ಜಿಲ್ಲೆ ಮೇಲೆ, ತಾಲ್ಲೂಕು ಮಧ್ಯೆ, ಗ್ರಾಮ ಕೆಳಗೆ ಇರುವ ಆ ಗೋಪುರ ನೋಡಿದ ಮಕ್ಕಳಿಗೆ, ಎಲ್ಲ ತೀರ್ಮಾನ ಮೇಲಿನಿಂದಲೇ ಇಳಿಯುತ್ತದೆ ಎಂಬ ಭಾವನೆ ಬೇರೂರುತ್ತದೆ. ಜೆರಾಕ್ಸ್ ಅಂಗಡಿಯ ರೆಡಿಮೇಡ್ ಪ್ರಾಜೆಕ್ಟ್ ಪುಸ್ತಕವೂ ಅಷ್ಟೇ, ಯಾವ ಊರಿಗೂ ಸೇರದ ಪಂಚಾಯಿತಿ ಅದರಲ್ಲಿರುತ್ತದೆ.

ಹಂತ 3: ಹುಣಸೆ ಬೀಜದ ಲೆಕ್ಕ

ಕಚೇರಿಗೆ ಹೋಗುವ ಮುಂಚೆ ತರಗತಿಯಲ್ಲಿ ಮಾಡುವ ಕೆಲಸ ಇದು. ನೂರು ಹುಣಸೆ ಬೀಜ, ಮೂರು ಬಟ್ಟಲು ತನ್ನಿ. ಒಂದು ಬೀಜಕ್ಕೆ ಒಂದು ಸಾವಿರ ರೂಪಾಯಿ, ಒಟ್ಟು ಒಂದು ಲಕ್ಷ. 2021-22ರಿಂದ 2025-26ರವರೆಗೆ ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನವನ್ನು ಪಂಚಾಯಿತಿಗಳು ಹಂಚಿಕೊಳ್ಳಬೇಕಿದ್ದ ರೀತಿಯಲ್ಲೇ ಬೀಜ ಹಾಕಿಸಿ: ನೈರ್ಮಲ್ಯಕ್ಕೆ 30, ಕುಡಿಯುವ ನೀರಿಗೆ 30, ಉಳಿದ 40 ಊರಿನ ಇತರ ಅಗತ್ಯಗಳಿಗೆ. ಆ ವರ್ಷಗಳ ಕಡತಗಳೇ ಮಕ್ಕಳ ಕೈಗೆ ಬರುವುದರಿಂದ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ.

ಈಗ ಬೇಡಿಕೆ ಕೂಗಿ. ಗ್ರಂಥಾಲಯಕ್ಕೆ ಎರಡು ಫ್ಯಾನು! ಮಕ್ಕಳು ನೀರಿನ ಬಟ್ಟಲಿಗೆ ಕೈ ಹಾಕುತ್ತಾರೆ, ತಡೆಯಿರಿ. ಅದು ಮೀಸಲು ಹಣ, ಫ್ಯಾನು ನಲವತ್ತರ ಬಟ್ಟಲಿನಿಂದಲೇ ಬರಬೇಕು. ಊರಿಗೆ ನೀರು ಬಿಡುವ ನೀರುಗಂಟಿಯ ಸಂಬಳ! ಇದಕ್ಕೆ ನಲವತ್ತರ ಬಟ್ಟಲೂ ಆಗುವುದಿಲ್ಲ, ಸಂಬಳಕ್ಕೆ ಆ ಅನುದಾನ ಬಳಸುವಂತಿರಲಿಲ್ಲ. ಆಗ ಯಾರಾದರೂ ಒಬ್ಬರು “ಮತ್ತೆ ಎಲ್ಲಿಂದ ಕೊಡ್ತಾರೆ?” ಎಂದು ಕೇಳಿಯೇ ಕೇಳುತ್ತಾರೆ. ನಾಲ್ಕನೇ ಬಟ್ಟಲು ತೆಗೆಯಿರಿ. ಮನೆ ಕಂದಾಯ, ನೀರಿನ ಶುಲ್ಕ, ಅಂಗಡಿ ಮಳಿಗೆಯ ಬಾಡಿಗೆ, ಲೈಸೆನ್ಸ್ ಶುಲ್ಕ, ಇವು ಪಂಚಾಯಿತಿಯ ಸ್ವಂತ ಸಂಪನ್ಮೂಲ. ಮಕ್ಕಳು ತಮ್ಮ ಮನೆಯ ಕಂದಾಯ ರಸೀದಿ ತಂದು ಆ ಬಟ್ಟಲ ಕೆಳಗಿಡಲಿ. ತನ್ನ ಅಪ್ಪ ಕಟ್ಟಿದ ಹಣ ಆ ಬಟ್ಟಲಲ್ಲಿದೆ ಎಂದು ಗೊತ್ತಾದ ಮಗು ಕಚೇರಿಯಲ್ಲಿ ಬೇರೆ ರೀತಿ ಕೂರುತ್ತದೆ.

ಹಂತ 4: ನೀರುಗಂಟಿಯ ಹತ್ತಿರ ಮೊದಲು

ಅಧ್ಯಕ್ಷರಿಗಿಂತ, ಪಿಡಿಒಗಿಂತ ಮೊದಲು ಇವರನ್ನು ಕಾಣಿ. ಖರ್ಚು ಹುಟ್ಟುವುದು ಇವರ ಬಾಯಲ್ಲಿ. “ಅಣ್ಣ, ಮೋಟಾರ್ ಯಾವಾಗ ಕೆಟ್ಟಿದ್ದು?” ಎಂದು ಒಬ್ಬಳು ಕೇಳಿದಾಗ ನಮ್ಮೂರಿನ ನೀರುಗಂಟಿ ಹೇಳಿದ್ದು: “ಶನಿವಾರ ರಾತ್ರಿ ಕಣಮ್ಮ. ಒಂದು ಫೇಸ್ ಹೋಗಿತ್ತು, ಹಂಗೇ ಓಡಿ ಸುಟ್ಟೋಯ್ತು.” ಮೋಟಾರಿಗೆ ಬರುವ ಮೂರು ಫೇಸ್ ಕರೆಂಟಿನಲ್ಲಿ ಒಂದು ನಿಂತಿತ್ತು ಎಂದರ್ಥ. ಯಾರಿಗೆ ಫೋನ್ ಮಾಡಿದರು, ಪೈಪು ಎತ್ತಲು ಗಾಡಿ ಯಾವಾಗ ಬಂತು, ಮೋಟಾರ್ ಯಾವ ದಿನ ಇಳಿಯಿತು, ಎಲ್ಲ ತಾರೀಖು ಸಮೇತ ಬರೆಸಿ. ಈ ತಾರೀಖುಗಳಿಲ್ಲದೆ ಮುಂದಿನ ಹಂತ ನಡೆಯುವುದಿಲ್ಲ.

ಹಂತ 5: ನಡವಳಿ ಓದುವುದು

ಹೆಚ್ಚಿನವರು ಎಡವುವುದು ಇಲ್ಲಿ. ನಡವಳಿ ಎಂದರೆ ಸಭೆಯಲ್ಲಿ ಆದ ತೀರ್ಮಾನಗಳ ಬರಹ. ಆ ಪುಸ್ತಕವನ್ನು ಮೇಜಿನ ಮೇಲಿಟ್ಟು, ಪುಟ ತಿರುವಿ, ‘ಇದು ಸಭೆಯ ವರದಿ’ ಎಂದು ಹೇಳಿ ಮುಚ್ಚಿಬಿಡುತ್ತಾರೆ. ಪಂಚಾಯಿತಿಯ ತೀರ್ಮಾನ ಇರುವುದೇ ಆ ವಾಕ್ಯಗಳಲ್ಲಿ. ಕನಿಷ್ಠ ಎರಡು ಶನಿವಾರ ಇದಕ್ಕೇ ಇಡಿ.

ಮೊದಲು ಹಾಜರಿ ಪುಟ. ಜನಸಂಖ್ಯೆಯಲ್ಲಿ ಸುಮಾರು 400 ಮಂದಿಗೆ ಒಬ್ಬ ಸದಸ್ಯ ಎಂಬುದು ಪಠ್ಯದಲ್ಲೂ ಇದೆ. 6,000 ಜನರ ಪಂಚಾಯಿತಿಯಲ್ಲಿ 15 ಸದಸ್ಯರು ಇರಬೇಕು. ಆ ದಿನ ಸಹಿ ಹಾಕಿದವರು ಎಷ್ಟು? ಎಣಿಸಲಿ.

ಆಮೇಲೆ ನಮ್ಮ ಖರ್ಚಿನ ವಿಷಯ ಸಂಖ್ಯೆ ಹುಡುಕಿ, ಆ ಒಂದು ಪರಿಚ್ಛೇದವನ್ನು ಅಕ್ಷರ ಬಿಡದೆ ನೋಟ್‌ಬುಕ್ಕಿಗೆ ಇಳಿಸಲಿ. ‘ವಿಷಯವನ್ನು ಸಭೆಯಲ್ಲಿ ಮಂಡಿಸಲಾಗಿ, ಸದಸ್ಯರು ಸುದೀರ್ಘವಾಗಿ ಚರ್ಚಿಸಿ, ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂಬ ಮಾತು ಎಲ್ಲ ವಿಷಯಕ್ಕೂ ಇರುತ್ತದೆ, ಅದನ್ನು ಬದಿಗಿಡಿ. ಉಳಿದ ಮಾತಿನಲ್ಲಿ ನಾಲ್ಕು ಸಂಗತಿಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿಸಿ. ಎಷ್ಟು ಹಣ? ಯಾವ ಅನುದಾನದಿಂದ? ಯಾರಿಗೆ? ಯಾವ ಕೆಲಸಕ್ಕೆ? ನಾಲ್ಕೂ ಸಿಕ್ಕರೆ ಅದು ಖರ್ಚಿನ ತೀರ್ಮಾನ. ಒಂದು ಸಿಗದಿದ್ದರೂ ಅದು ಇನ್ನೂ ಪೂರ್ತಿಯಾಗಿಲ್ಲ ಎಂದು ಅರ್ಥ.

ಅದೇ ಪುಟದ ಬೇರೆ ವಿಷಯಗಳನ್ನೂ ಓದಿಸಿ, ಹೋಲಿಕೆಯಲ್ಲೇ ಕಲಿಕೆ ಇರುವುದು. ‘ಅನುದಾನದ ಲಭ್ಯತೆ ನೋಡಿಕೊಂಡು ಕ್ರಮ ಕೈಗೊಳ್ಳಲು’ ಎಂದಿದ್ದರೆ ಒಪ್ಪಿಗೆ ಇದೆ, ಹಣ ಇಲ್ಲ. ‘ಸ್ಥಳ ಪರಿಶೀಲಿಸಿ ಮುಂದಿನ ಸಭೆಗೆ ಮಂಡಿಸಲು’ ಎಂದಿದ್ದರೆ ವಿಷಯ ಮುಂದಕ್ಕೆ ಹೋಯಿತು. ‘ಕ್ರಿಯಾ ಯೋಜನೆಯಲ್ಲಿ ಸೇರಿಸಲು’ ಎಂದಿದ್ದರೆ ಕೆಲಸ ಈಗಲ್ಲ, ಆದರೆ ಸರದಿಯಲ್ಲಿ ಜಾಗ ಸಿಕ್ಕಿತು. ಊರಿನ ದೊಡ್ಡವರು ಎಷ್ಟೋ ಮಂದಿ ‘ಸಭೇಲಿ ಪಾಸಾಗಿದೆ’ ಎಂದು ವರ್ಷಗಟ್ಟಲೆ ಕಾಯುವುದು ಈ ಮೂರು ವಾಕ್ಯಗಳ ವ್ಯತ್ಯಾಸ ತಿಳಿಯದೆಯೇ. ಒಂಬತ್ತನೇ ತರಗತಿಯ ಹುಡುಗ ತನ್ನ ತಾತನಿಗೆ ಇದನ್ನು ಬಿಡಿಸಿ ಹೇಳಿದ್ದನ್ನು ನಾನೇ ನೋಡಿದ್ದೇನೆ.

ಈಗ ಕಷ್ಟದ ಪದ: ಘಟನೋತ್ತರ ಮಂಜೂರಾತಿ. ಮೋಟಾರಿನ ವಿಷಯದಲ್ಲಿ ಇದು ಬಂದೇ ಬರುತ್ತದೆ. ನೀರುಗಂಟಿ ಕೊಟ್ಟ ತಾರೀಖು, ಸಭೆಯ ತಾರೀಖು ಪಕ್ಕಪಕ್ಕದಲ್ಲಿ ಬರೆದ ಕೂಡಲೇ ಮಕ್ಕಳ ಕಣ್ಣಿಗೆ ಬೀಳುತ್ತದೆ: ಕೆಲಸ ಮೊದಲೇ ಆಗಿದೆ, ಒಪ್ಪಿಗೆ ಮೂರು ವಾರ ಬಿಟ್ಟು ಬಂದಿದೆ! “ಮೇಡಂ, ಇದು ಮೋಸ ಅಲ್ವಾ?” ಎಂದು ಕೇಳುತ್ತಾರೆ. ಉತ್ತರ ಹೇಳಲು ಅವಸರ ಮಾಡಬೇಡಿ. ಸಭೆ ಸಾಮಾನ್ಯವಾಗಿ ತಿಂಗಳಿಗೊಮ್ಮೆ. ಅಲ್ಲಿಯವರೆಗೆ ಊರು ನೀರಿಲ್ಲದೆ ಇರಬೇಕಿತ್ತೇ ಎಂದು ತಿರುಗಿ ಕೇಳಿ, ಅವರೇ ವಾದ ಮಾಡಲಿ. ತುರ್ತು ಕೆಲಸವನ್ನು ಮೊದಲು ಮಾಡಿಸಿ, ಆಮೇಲೆ ಸಭೆಯ ಮುಂದಿಟ್ಟು ಒಪ್ಪಿಗೆ ಪಡೆಯುವುದು ರೂಢಿಯ ಕ್ರಮ. ನೋಡಬೇಕಾದದ್ದು ಬೇರೆ ಇದೆ. ತಕ್ಷಣದ ಸಭೆಗೇ ಅದು ಬಂತೇ, ನಾಲ್ಕು ಸಭೆ ಕಳೆದು ಬಂತೇ? ನೀರಿನಂಥ ತುರ್ತಿಗೆ ಬಳಸಿದರೇ, ಕುರ್ಚಿ, ಕಪಾಟು ಕೊಂಡದ್ದಕ್ಕೂ ಅದೇ ಪದ ಹಾಕಿದರೇ? ಕುರ್ಚಿಗೆ ತುರ್ತು ಏನಿತ್ತು ಎಂದು ಕೇಳುವ ಹಕ್ಕು ಮಕ್ಕಳಿಗಿದೆ.

ಕೇಳುವ ಧಾಟಿ ಮಾತ್ರ ಮೊದಲೇ ಕಲಿಸಿ. ಒಂದು ಪಂಚಾಯಿತಿಯಲ್ಲಿ ನನ್ನ ವಿದ್ಯಾರ್ಥಿನಿ “ಯಾಕೆ ಇಷ್ಟು ಖರ್ಚು ಮಾಡಿದ್ರಿ?” ಎಂದದ್ದಕ್ಕೆ, “ಲೆಕ್ಕ ಕೇಳೋಕೆ ಬಂದ್ಯಾ?” ಎಂದು ಗದರಿ ಪುಸ್ತಕ ಮುಚ್ಚಿದರು. ಆ ಮಗು ಆ ವರ್ಷವಿಡೀ ಮತ್ತೆ ಬಾಯಿ ಬಿಡಲಿಲ್ಲ, ನನಗೆ ಈಗಲೂ ಅದು ನೋವು. “ಸಾರ್, ಇದನ್ನ ಹೇಗೆ ಓದ್ಬೇಕು?” ಎಂದು ಆರಂಭಿಸಿದರೆ ಹತ್ತರಲ್ಲಿ ಒಂಬತ್ತು ಸಿಬ್ಬಂದಿ ಕುರ್ಚಿ ಎಳೆದು ಕೂರಿಸಿ ಹೇಳಿಕೊಡುತ್ತಾರೆ.

ಪುಸ್ತಕ ತೋರಿಸಲು ಒಪ್ಪದಿದ್ದರೆ? 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಬರೆಯಬೇಕು. ಆದರೆ ಅದನ್ನೇ ಮೊದಲ ಹೆಜ್ಜೆ ಮಾಡಿಕೊಳ್ಳಬೇಡಿ, ಮಾತಿನಲ್ಲಿ ಮುಗಿಯುವ ಕೆಲಸ ತಿಂಗಳು ಹಿಡಿಯುತ್ತದೆ. ಪಂಚಾಯಿತಿಗಳ ಲೆಕ್ಕ ಹಾಕುವ ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಎಲ್ಲ ಸಿಗುತ್ತದೆ ಎಂದು ಹೇಳುವವರಿದ್ದಾರೆ. ಪಾವತಿಯ ಮೊತ್ತ ತಾಳೆ ನೋಡಲು ಅದು ಒಳ್ಳೆಯದು. ಯಾರು ಏನು ಯೋಚಿಸಿ ಒಪ್ಪಿದರು ಎಂಬುದು ಅಲ್ಲಿ ಕಾಣುವುದಿಲ್ಲ, ಅದನ್ನು ಕೊನೆಗೆ ತೆರೆಯಿರಿ.

ಹಂತ 6: ವೋಚರ್ ಕಡತ

ಕೊಟೇಶನ್‌ಗಳು, ಬಿಲ್, ಕೆಲಸದ ಫೋಟೊ, ಪಾವತಿ ವಿವರ, ಇಷ್ಟು ಒಂದು ದಾರದಲ್ಲಿ ಕಟ್ಟಿರುತ್ತವೆ. ಎಷ್ಟು ಮೊತ್ತದವರೆಗೆ ಕೊಟೇಶನ್ ಸಾಕು, ಯಾವುದಕ್ಕೆ ಟೆಂಡರ್ ಬೇಕು ಎಂಬುದು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದಲ್ಲಿದೆ. ಮಿತಿ ತಿದ್ದುಪಡಿಯಾಗುತ್ತಿರುತ್ತದೆ, ಆ ವರ್ಷದ್ದನ್ನು ಪಿಡಿಒ ಬಾಯಲ್ಲೇ ಕೇಳಿಸಿ. ಬಿಲ್ಲಿನ ಸಾಲುಗಳನ್ನು ಮಕ್ಕಳು ಒಂದೊಂದಾಗಿ ಕೂಡಲಿ: ರೀವೈಂಡಿಂಗ್ (ಸುಟ್ಟ ತಂತಿ ಸುರುಳಿಯನ್ನು ಮತ್ತೆ ಸುತ್ತಿದ್ದು), ಬುಷ್, ಕೇಬಲ್, ಎತ್ತಿ ಇಳಿಸಿದ ಕೂಲಿ. ದುರಸ್ತಿ 10,000 ಎಂದಿಟ್ಟುಕೊಳ್ಳಿ, ಶೇ 18ರ ಜಿಎಸ್‌ಟಿ 1,800 ಸೇರಿ 11,800 ಆಗಬೇಕು. ನಡವಳಿಯಲ್ಲಿದ್ದ ಮೊತ್ತವೂ ಇದೂ ಒಂದೇ ಆಗಿದೆಯೇ? ಪಾವತಿಗೆ ಅಧ್ಯಕ್ಷರು, ಪಿಡಿಒ ಇಬ್ಬರ ಸಹಿಯೂ ಬೇಕು ಎಂಬುದನ್ನು ಕಡತದಲ್ಲೇ ಬೆರಳಿಟ್ಟು ತೋರಿಸಿ. ‘ಅಧ್ಯಕ್ಷರು ಖರ್ಚು ಮಾಡ್ತಾರೆ’ ಎಂಬ ಹಳೆಯ ಉತ್ತರ ಅಲ್ಲೇ ತಿದ್ದಿಕೊಳ್ಳುತ್ತದೆ.

ಹಂತ 7: ಬೋರ್‌ವೆಲ್ ಹತ್ತಿರ ಹೋಗಿ ನೋಡಿ

ಅರ್ಧ ಗಂಟೆ ಸಾಕು. ಬಿಸಿಲೇರುವ ಮುಂಚೆ ಹೋಗಿ, ಪ್ಯಾನೆಲ್ ಬೋರ್ಡ್ ಮುಟ್ಟಲು ಬಿಡಬೇಡಿ.

ಹಂತ 8: ಮಕ್ಕಳ ಗ್ರಾಮಸಭೆಗೆ ಒಂದು ಪ್ರಶ್ನೆ

ಕುಂದಾಪುರ ತಾಲ್ಲೂಕಿನಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯಿತಿಗಳು ನಡೆದಿದ್ದವು. ಈಗ ರಾಜ್ಯದ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ, ಹೆಚ್ಚಾಗಿ ನವೆಂಬರ್ 14ರ ನಂತರದ ವಾರಗಳಲ್ಲಿ. ಅಲ್ಲಿ ‘ಆಟದ ಮೈದಾನ ಬೇಕು, ಕಾಂಪೌಂಡ್ ಬೇಕು’ ಎಂಬ ಪಟ್ಟಿಯನ್ನು ಶಿಕ್ಷಕರೇ ಬರೆದು ಮಕ್ಕಳಿಂದ ಓದಿಸುವ ಪದ್ಧತಿಯಿದೆ. ಅದನ್ನು ಬಿಡಿ. ನೋಟ್‌ಬುಕ್ಕಿನಿಂದ ಹುಟ್ಟಿದ ಒಂದೇ ಪ್ರಶ್ನೆ ಸಾಕು.

ನಮ್ಮ ತಂಡ ಹಿಂದಿನ ನಡವಳಿಗಳನ್ನೂ ತಿರುವಿದಾಗ ಅದೇ ಬೋರ್‌ವೆಲ್ಲಿನ ಮೋಟಾರ್ ಎರಡು ವರ್ಷದಲ್ಲಿ ಮೂರು ಸಲ ರೀವೈಂಡಿಂಗ್ ಆಗಿದ್ದು ಸಿಕ್ಕಿತು. ನೀರುಗಂಟಿಯ ‘ಒಂದು ಫೇಸ್ ಹೋಗಿತ್ತು’ ಎಂಬ ಮಾತನ್ನು ಬರೆದುಕೊಂಡಿದ್ದ ಹುಡುಗಿ ಊರಿನ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ ವಿಚಾರಿಸಿದಳು. ಒಂದು ಫೇಸ್ ಹೋದ ಕೂಡಲೇ ಮೋಟಾರ್ ನಿಲ್ಲಿಸುವ ಪ್ರಿವೆಂಟರ್ ಎಂಬ ಸಣ್ಣ ಸಾಧನ ಇದೆಯೆಂದು ತಿಳಿಯಿತು. ಸಭೆಯಲ್ಲಿ ಅವಳು ಎದ್ದು ನಿಂತು ಮೂರು ಬಿಲ್ಲಿನ ಮೊತ್ತ ಕೂಡಿ ಓದಿದಳು, ಪ್ರಿವೆಂಟರಿನ ಬೆಲೆ ಓದಿದಳು, ಕುಡಿಯುವ ನೀರಿನ ಬಾಬ್ತಿನಿಂದ ಇದನ್ನು ಹಾಕಿಸಬಹುದೇ ಎಂದು ಕೇಳಿದಳು. ಪಿಡಿಒ ಅವಳ ನೋಟ್‌ಬುಕ್ ಈಸಿಕೊಂಡು ತಾವೇ ಒಮ್ಮೆ ಕೂಡಿ ನೋಡಿದರು. ಮುಂದಿನ ತಿಂಗಳ ಸಾಮಾನ್ಯ ಸಭೆಯ ನಡವಳಿಯಲ್ಲಿ ಆ ವಿಷಯ ಬಂದಿತ್ತು. ಮಕ್ಕಳು ಪೆನ್ಸಿಲ್ ಹಿಡಿದು ನಕಲು ಮಾಡಿಕೊಂಡರು. ಮೊತ್ತ, ಅನುದಾನ, ಅಂಗಡಿ, ಕೆಲಸ, ನಾಲ್ಕಕ್ಕೂ ಗೆರೆ ಬಿತ್ತು.