ಆರು ಜನರನ್ನು ಕೆಲಸದಿಂದ ತೆಗೆದೆ, ಎರಡು ನೋಟಿಸ್ ಬಂದವು

ಮೊದಲ ನೋಟಿಸ್ ಕೈಗೆ ಬಂದ ರಾತ್ರಿ ನಾನು ಬರೆದ ಇಮೇಲ್ ಇನ್ನೂ ಡ್ರಾಫ್ಟ್‌ನಲ್ಲೇ ಇದೆ. "ಇಷ್ಟು ವರ್ಷದಲ್ಲಿ ಯಾರಿಗೂ ಭೇದ ಮಾಡಿದವನಲ್ಲ ನಾನು" ಎಂದು ಶುರುವಾಗಿ "ನಿಮ್ಮ ಕೆಲಸವೂ ಅಷ್ಟಕ್ಕಷ್ಟೇ ಇತ್ತಲ್ಲ" ಎಂದು ಮುಗಿಯುತ್ತದೆ. ಕಳಿಸಿದ್ದರೆ ಆ ಕೊನೆಯ ಸಾಲೇ ನನ್ನನ್ನು ಮುಳುಗಿಸುತ್ತಿತ್ತು. ಕೆಲಸದಿಂದ ತೆಗೆದ ಪತ್ರದಲ್ಲಿ ನಾವು ಕೊಟ್ಟಿದ್ದ ಕಾರಣ 'ಆರ್ಡರ್ ಇಳಿದಿದೆ' ಎಂದು. ಆಮೇಲೆ 'ಕೆಲಸ ಸರಿಯಿರಲಿಲ್ಲ' ಅಂದರೆ, ಮೊದಲ ಕಾರಣ ಬರೀ ನೆಪ ಎಂದು ನಾನೇ ಬರೆದುಕೊಟ್ಟ ಹಾಗೆ.

ನಮ್ಮದು ರಟ್ಟಿನ ಪೆಟ್ಟಿಗೆ ಮಾಡುವ ಸಣ್ಣ ಘಟಕ. ಇದ್ದವರು 23 ಜನ, ತೆಗೆದದ್ದು ಆರು ಜನರನ್ನು. ಎಚ್‌ಆರ್ ಅಂತ ಬೇರೆ ಯಾರೂ ಇಲ್ಲ. ನಾನು, ನನ್ನ ಪಾಲುದಾರ, ಲೆಕ್ಕ ನೋಡಿಕೊಳ್ಳುವ ಒಬ್ಬರು, ಅಷ್ಟೇ. ದೂರು ಕೊಟ್ಟವರು ಇಬ್ಬರು. ಸ್ಕ್ರೀನ್ ಪ್ರಿಂಟಿಂಗ್ ವಿಭಾಗದಲ್ಲಿದ್ದ 56 ವರ್ಷದವರು ವಯಸ್ಸಿನ ಕಾರಣಕ್ಕೆ ತೆಗೆದರು ಎಂದರು. ಡಿಸೈನ್ ನೋಡುತ್ತಿದ್ದ ಹೆಣ್ಣುಮಗಳು ಹೆರಿಗೆ ರಜೆ ಮುಗಿಸಿ ಬಂದ ಮೂರೇ ತಿಂಗಳಿಗೆ ತೆಗೆದರು ಎಂದರು.

ವಕೀಲರು ಮೊದಲು ಹೇಳಿದ್ದು ಉತ್ತರದ ಮಾತಲ್ಲ. "ಇವತ್ತಿನಿಂದ ಏನನ್ನೂ ಅಳಿಸಬೇಡಿ" ಅಂದರು. ಯಾರನ್ನು ತೆಗೆಯುವುದು ಎಂದು ತೀರ್ಮಾನಿಸಲು ಅಂಕ ಹಾಕಿದ ಶೀಟ್, ಅದರ ಹಳೆಯ ಪ್ರತಿಗಳು, ಇಮೇಲ್, ಹಾಜರಿ, ವಾಟ್ಸ್‌ಆ್ಯಪ್, ಎಲ್ಲ. ವಾಟ್ಸ್‌ಆ್ಯಪ್ ಅಂದಾಗ ಪಾಲುದಾರನ ಮುಖ ಬಿಳಿಚಿತು. ನಮ್ಮಿಬ್ಬರ ಚಾಟ್‌ನಲ್ಲಿ ಅವನದೊಂದು ಮೆಸೇಜ್ ಇತ್ತು: "ಇನ್ನು ಮೇಲೆ ಹೊಸ ಹುಡುಗರನ್ನೇ ಇಟ್ಟುಕೊಳ್ಳೋಣ, ಹಳಬರಿಗೆ ಮೈ ಬಗ್ಗಲ್ಲ." ನಾನು ಅದಕ್ಕೆ ಹೆಬ್ಬೆರಳು ಎತ್ತಿದ್ದೆ. ಅಳಿಸಿಬಿಡೋಣ ಎಂದು ಇಬ್ಬರಿಗೂ ಅನಿಸಿದ್ದು ನಿಜ. ಮೆಸೇಜಿಗೆ ವಿವರಣೆ ಕೊಡಬಹುದು, ಅಳಿಸಿದ್ದಕ್ಕೆ ಕೊಡಲಾಗುವುದಿಲ್ಲ ಎಂದರು ವಕೀಲರು. ಉಳಿಸಿಕೊಂಡೆವು. (ನೌಕರರ ದೂರುಗಳಿಗೆಂದೇ ವಿಮೆ ಇದ್ದರೆ ಕಂಪನಿಗೆ ಅದೇ ವಾರ ತಿಳಿಸಿ, ತಡಮಾಡಿದರೆ ಪಾಲಿಸಿ ಇದ್ದೂ ಇಲ್ಲದಂತಾಗಬಹುದು.)

ಆಮೇಲೆ ಲೆಕ್ಕಕ್ಕೆ ಕೂತೆವು. ಒಂಬತ್ತು ಹೆಂಗಸರಲ್ಲಿ ನಾಲ್ವರು ಹೋಗಿದ್ದರು, ಹದಿನಾಲ್ಕು ಗಂಡಸರಲ್ಲಿ ಇಬ್ಬರು. ಅಮೆರಿಕದಲ್ಲಿ 1978ರಿಂದ ಬಳಕೆಯಲ್ಲಿರುವ ಒಂದು ಅಂದಾಜಿನ ಅಳತೆಯಿದೆ, ಐದನೇ ನಾಲ್ಕರ ನಿಯಮ: ಒಂದು ಗುಂಪು ಆಯ್ಕೆಯಾದ ಪ್ರಮಾಣ ಇನ್ನೊಂದರ ಶೇ. 80ಕ್ಕಿಂತ ಕಡಿಮೆಯಿದ್ದರೆ ಯಾಕೆ ಎಂದು ನೋಡಬೇಕು. ಕೆಲಸದಲ್ಲಿ ಉಳಿದದ್ದನ್ನೇ ಆಯ್ಕೆ ಎಂದುಕೊಂಡರೆ, ನಮ್ಮ ಹೆಂಗಸರಲ್ಲಿ ಉಳಿದವರು ಶೇ. 56, ಗಂಡಸರಲ್ಲಿ ಶೇ. 86. ಭಾಗಿಸಿದರೆ 65. ನನಗೆ ಬೆವರು ಬಂತು. ಆದರೆ ಒಬ್ಬ ಹೆಂಗಸಿನ ಬದಲು ಒಬ್ಬ ಗಂಡಸು ಹೋಗಿದ್ದರೆ ಅದೇ ಅಂಕಿ 85 ಆಗುತ್ತಿತ್ತು. ಇಷ್ಟು ಸಣ್ಣ ಜಾಗದಲ್ಲಿ ಶೇಕಡಾವಾರು ಯಾವುದನ್ನೂ ಸಾಬೀತು ಮಾಡುವುದಿಲ್ಲ. ಯಾವ ಸಾಲನ್ನು ಮತ್ತೆ ಓದಬೇಕು ಎಂದು ತೋರಿಸುತ್ತದೆ.

ಓದಿದೆ. ಡಿಸೈನ್ ವಿಭಾಗದಲ್ಲಿ ಅಂಕ ಹಾಕಲು ನಾವು ಇಟ್ಟುಕೊಂಡಿದ್ದ ಒಂದು ಕಾಲಂ 'ಕಳೆದ ಹನ್ನೆರಡು ತಿಂಗಳಲ್ಲಿ ಮುಗಿಸಿದ ಕೆಲಸಗಳು'. ನೋಡಲು ಎಷ್ಟು ನ್ಯಾಯವಾದ ಕಾಲಂ! ಆ ಹನ್ನೆರಡರಲ್ಲಿ ಆರು ತಿಂಗಳು ಆಕೆ ರಜೆಯಲ್ಲಿದ್ದರು. ಉಳಿದವರ ಹನ್ನೆರಡು ತಿಂಗಳ ಪಕ್ಕ ಆಕೆಯ ಆರು ತಿಂಗಳನ್ನಿಟ್ಟು ಅಳೆದಿದ್ದೆ, ಅಳೆಯುವಾಗ ಹೊಳೆದೂ ಇರಲಿಲ್ಲ. ಕೆಲಸ ಮಾಡಿದ ತಿಂಗಳಿಗೆ ಭಾಗಿಸಿ ಮತ್ತೆ ಅಂಕ ಹಾಕಿದರೆ, ನಾವು ಉಳಿಸಿಕೊಂಡಿದ್ದ ಒಬ್ಬ ಹುಡುಗನಿಗಿಂತ ಆಕೆ ಮೇಲೆ ಬಂದರು.

ಮನಸ್ಸಿನಲ್ಲಿ ಭೇದ ಇರಲಿಲ್ಲ ಎನ್ನುವುದು ಇಲ್ಲಿ ಉತ್ತರವೇ ಅಲ್ಲ. 1971ರಲ್ಲಿ ಗ್ರಿಗ್ಸ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಎಲ್ಲರಿಗೂ ಒಂದೇ ಎಂದು ಕಾಣುವ ಷರತ್ತು ಒಂದು ಗುಂಪನ್ನು ಹೊರಗಿಟ್ಟರೆ, ಆ ಷರತ್ತು ಕೆಲಸಕ್ಕೆ ನಿಜವಾಗಿ ಬೇಕಿತ್ತೇ ಎಂದು ಮಾಲೀಕರೇ ತೋರಿಸಬೇಕು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1982ರ 158ನೇ ಒಡಂಬಡಿಕೆಯಂತೂ ಹೆರಿಗೆ ರಜೆಯಲ್ಲಿ ಗೈರಾಗಿದ್ದುದನ್ನು ಕೆಲಸದಿಂದ ತೆಗೆಯಲು ಸಕಾರಣವಲ್ಲ ಎಂದು ಹೆಸರಿಸಿಯೇ ಹೇಳುತ್ತದೆ. ಯಾವ ದೇಶದಲ್ಲಿ ಯಾವುದು ಕಾನೂನು ಎನ್ನುವುದನ್ನು ವಕೀಲರಿಗೆ ಬಿಡೋಣ. ನನಗಂತೂ ಶೀಟೇ ಉತ್ತರ ಹೇಳಿತ್ತು.

ವಯಸ್ಸಿನ ದೂರು ಬೇರೆ ಥರ. ಅಲ್ಲಿ ಆ ಮೆಸೇಜ್ ಬಿಟ್ಟರೆ ನಮ್ಮ ನೆಲ ಗಟ್ಟಿಯಿತ್ತು. ಸ್ಕ್ರೀನ್ ಪ್ರಿಂಟಿಂಗ್ ವಿಭಾಗವನ್ನೇ ಮುಚ್ಚಿದ್ದೆವು, ಯಂತ್ರ ಮಾರಿದ್ದೆವು. 29 ವರ್ಷದ ಹುಡುಗಿ, 41ರವರು, 56ರವರು, ಮೂವರೂ ಒಟ್ಟಿಗೆ ಹೋಗಿದ್ದರು. ಬೇರೆ ವಿಭಾಗಕ್ಕೆ ಹಾಕಿ ಎಂದು ಆ ಹುಡುಗಿ ಕೇಳಿದಾಗಲೂ ಇಲ್ಲ ಎಂದಿದ್ದೆವು. ಆರ್ಡರ್ ಇಳಿದ ಲೆಕ್ಕ, ಯಂತ್ರ ಮಾರಿದ ಪತ್ರ, ಅವುಗಳ ತಾರೀಖು, ಇಷ್ಟನ್ನು ಜೋಡಿಸಿ ಎರಡು ಪುಟದ ಉತ್ತರ ಕೊಟ್ಟೆವು. ವಿಶೇಷಣ ಒಂದೂ ಇಲ್ಲ. 'ಸುಳ್ಳು ಆರೋಪ' ಎಂಬ ಮಾತನ್ನು ವಕೀಲರು ಎರಡು ಸಲ ಹೊಡೆದುಹಾಕಿದರು.

ನಡುವೆ ಇನ್ನೊಂದು ಎಡವಟ್ಟು ಕೂದಲೆಳೆಯಲ್ಲಿ ತಪ್ಪಿತು. ಡಿಸೈನ್ ನೋಡುತ್ತಿದ್ದ ಆಕೆಯ ಪರ ಹೇಳಿಕೆ ಕೊಟ್ಟ ನಮ್ಮದೇ ನೌಕರನೊಬ್ಬನನ್ನು ರಾತ್ರಿ ಪಾಳಿಗೆ ಹಾಕಲು ಪಾಲುದಾರ ಪಟ್ಟಿ ತಯಾರಿಸಿದ್ದ. "ಬೇರೆ ಯಾರೂ ಇಲ್ಲವಲ್ಲ" ಎಂಬುದು ಅವನ ವಾದ. ಇರಬಹುದು, ಆದರೆ ನೋಡುವವರಿಗೆ ಅದು ಸೇಡು. ಮೂಲ ದೂರು ಬಿದ್ದುಹೋದರೂ ಸೇಡಿನ ದೂರು ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ. ಪಟ್ಟಿ ಹರಿದೆವು. ಉಳಿದವರಿಗೆ ಹೇಳಿದ್ದು ಇಷ್ಟೇ: ಪ್ರಕರಣ ನಡೆಯುತ್ತಿದೆ, ಯಾರೂ ಅವರಿಬ್ಬರ ಬಗ್ಗೆ ಗ್ರೂಪ್‌ನಲ್ಲಿ ಬರೆಯಬೇಡಿ, ಯಾರಾದರೂ ಕೇಳಿದರೆ ನಿಜ ಹೇಳಿ.

ಸಂಧಾನಕ್ಕೆ ಕೂತಾಗ ಆ 56ರ ಹಿರಿಯರು ನಮ್ಮ ಕಾಗದಗಳನ್ನೆಲ್ಲ ನಿಧಾನವಾಗಿ ಓದಿದರು. ಆಮೇಲೆ ನನ್ನನ್ನು ನೋಡಿ, "ಯಂತ್ರ ಮಾರಿದ್ದು ನನಗೂ ಗೊತ್ತು ಸರ್. ಆದ್ರೆ ಕೆಲಸ ಇಲ್ಲ ಅಂತ ಫೋನಲ್ಲಿ ಹೇಳಿದಿರಲ್ಲ, ಅದೂ ನಾನು ಪಾಳಿಗೆ ಹೊರಡೋ ಹೊತ್ತಿಗೆ" ಎಂದರು. ನಾನು ಕ್ಷಮೆ ಕೇಳಿದೆ. ಅವರು ದೂರು ಮುಂದುವರಿಸಲಿಲ್ಲ.

ಡಿಸೈನ್ ನೋಡುತ್ತಿದ್ದ ಆಕೆಗೆ ಕೆಲಸ ವಾಪಸ್ ಕೊಡುತ್ತೇವೆ ಎಂದೆವು. ಬೇಡ ಎಂದರು, ನಡುವಿನ ತಿಂಗಳುಗಳ ಸಂಬಳ, ಜೊತೆಗೆ ಪರಿಹಾರ ಒಪ್ಪಿದರು. ಸಹಿ ಮಾಡುವ ಮುಂಚೆ ಇನ್ನೊಂದು ಕೇಳಿದರು: ಕೆಲಸದ ಗುಣಮಟ್ಟಕ್ಕಾಗಿ ತೆಗೆದದ್ದಲ್ಲ, ಅಂಕ ಹಾಕುವಾಗ ತಪ್ಪಾಗಿತ್ತು ಎಂದು ಲೆಟರ್‌ಹೆಡ್‌ನಲ್ಲಿ ಬರೆದುಕೊಡಿ. ಇದು ಬೇಡ ಎಂದು ವಕೀಲರು ಮೊದಲು ತಡೆದರು, ಪದಪದ ತಿದ್ದಿದ ಮೇಲೆ ಒಪ್ಪಿದರು. ಮೂರು ಸಾಲು. ಅಲ್ಲೇ ಟೈಪ್ ಮಾಡಿ, ಪ್ರಿಂಟ್ ತೆಗೆದು ಕೊಟ್ಟೆ. ಆಕೆ ಎರಡು ಸಲ ಓದಿ, ಮಡಚದೆ ಫೈಲಿಗೆ ಹಾಕಿಕೊಂಡರು.