ಮೊದಲ ಸಲ ಕ್ರೂಸ್ ಹೊರಟವರಿಗೆ: ಅಮ್ಮನ ಜೊತೆ ಏಳು ರಾತ್ರಿ ಹಡಗಿನಲ್ಲಿ ಕಲಿತದ್ದು

ಮೂರನೇ ರಾತ್ರಿ ಎರಡು ಗಂಟೆಗೆ ಅಮ್ಮ ನನ್ನನ್ನು ಎಬ್ಬಿಸಿದರು. ಕಪಾಟಿನೊಳಗೆ ಖಾಲಿ ಹ್ಯಾಂಗರ್‌ಗಳು ಒಂದಕ್ಕೊಂದು ಬಡಿದು ಟಕ್ ಟಕ್ ಅನ್ನುತ್ತಿದ್ದವು. ಮೇಜಿನ ಮೇಲಿದ್ದ ಲೋಟದಲ್ಲಿ ನೀರು ಒಮ್ಮೆ ಈ ಅಂಚಿಗೆ ಏರುತ್ತಿತ್ತು, ಒಮ್ಮೆ ಆ ಅಂಚಿಗೆ. "ತಲೆ ಸುತ್ತುತ್ತಿದೆ, ವಾಂತಿ ಬರೋ ಹಾಗಿದೆ" ಅಂದರು. ಮಾತ್ರೆ ಕೊಟ್ಟೆ, ಆದರೆ ಅಷ್ಟರಲ್ಲಿ ತಡವಾಗಿತ್ತು. ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಬೆಳಗಾಗುವವರೆಗೆ ಅವರ ಬೆನ್ನು ಸವರುತ್ತಾ ಕೂತಿದ್ದೆ.

ಆ ರಾತ್ರಿಗೆ ಕಾರಣ ನಾನು ಆರು ತಿಂಗಳ ಮೊದಲು ಬುಕಿಂಗ್ ಮಾಡುವಾಗ ಆರಿಸಿದ ಕ್ಯಾಬಿನ್. ಎತ್ತರದ ಡೆಕ್, ಅಂದರೆ ಹಡಗಿನ ಮೇಲಿನ ಮಹಡಿ, ಅದೂ ಮೂತಿಯ ಹತ್ತಿರ. ಮೇಲಿದ್ದಷ್ಟೂ ನೋಟ ಚೆನ್ನಾಗಿರುತ್ತದೆ ಅಂದುಕೊಂಡಿದ್ದೆ. ನೋಟ ಚೆನ್ನಾಗಿತ್ತು ನಿಜ. ಆದರೆ ಅಲೆ ಎದ್ದಾಗ ಹಡಗು ಏತದ ಹಲಗೆಯ ಹಾಗೆ ಆಡುತ್ತದೆ. ಮುಂದೆ, ಹಿಂದೆ ಇರುವವರಿಗೆ ಏರಿಳಿತ ಜಾಸ್ತಿ, ನಡುವೆ ಇರುವವರಿಗೆ ಕಡಿಮೆ. ಮೇಲಿನ ಡೆಕ್‌ಗೆ ಹೋದಷ್ಟೂ ಪಕ್ಕಕ್ಕೆ ತೂಗುವುದೂ ಜಾಸ್ತಿ. ಈಗಿನ ಹಡಗುಗಳಲ್ಲಿ ನೀರಿನೊಳಗೆ ಎರಡೂ ಬದಿಗೆ ರೆಕ್ಕೆಯಂತೆ ಚಾಚಿಕೊಳ್ಳುವ ಸ್ಟೆಬಿಲೈಸರ್ ಇರುತ್ತವೆ. ಅವು ಪಕ್ಕಕ್ಕೆ ವಾಲುವುದನ್ನು ಚೆನ್ನಾಗಿ ತಡೆಯುತ್ತವೆ. ಮುಂದೆ-ಹಿಂದೆ ಏರಿಳಿಯುವುದನ್ನು ತಡೆಯುವುದು ಅವುಗಳ ಕೈಯಲ್ಲಿಲ್ಲ.

ಹಾಗಾಗಿ ವಾಕರಿಕೆಯ ಭಯ ಇದ್ದರೆ ಹಡಗಿನ ಮಧ್ಯದಲ್ಲಿ, ಆದಷ್ಟು ಕೆಳಗಿನ ಡೆಕ್‌ನಲ್ಲಿ ಕ್ಯಾಬಿನ್ ತೆಗೆದುಕೊಳ್ಳಿ. ಇನ್ನೊಂದು ವಿಷಯ. ಡೆಕ್ ನಕ್ಷೆ ತೆಗೆದು ನಿಮ್ಮ ಕ್ಯಾಬಿನ್‌ನ ಮೇಲೆ ಏನಿದೆ, ಕೆಳಗೆ ಏನಿದೆ ಅಂತ ನೋಡಿ. ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗಿನ ಜಾವವೇ ಕುರ್ಚಿ ಎಳೆಯುವ ಸದ್ದು ಶುರುವಾಗುತ್ತದೆ. ಕೆಳಗೆ ನಾಟಕಶಾಲೆಯೋ ಡ್ಯಾನ್ಸ್ ಕ್ಲಬ್ಬೋ ಇದ್ದರೆ ನಡುರಾತ್ರಿಯವರೆಗೆ ಧಬಧಬ. ಮೇಲೂ ಕೆಳಗೂ ಬೇರೆ ಕ್ಯಾಬಿನ್‌ಗಳೇ ಇರುವ ಡೆಕ್ ಸಿಕ್ಕಿದರೆ ನೆಮ್ಮದಿಯ ನಿದ್ದೆ. 'ಗ್ಯಾರಂಟಿ ಕ್ಯಾಬಿನ್' ಅಂತ ಸ್ವಲ್ಪ ಅಗ್ಗಕ್ಕೆ ಸಿಗುತ್ತದೆ. ಅದರಲ್ಲಿ ಯಾವ ಕ್ಯಾಬಿನ್ ಕೊಡಬೇಕು ಅನ್ನುವುದನ್ನು ಕಂಪನಿಯೇ ತೀರ್ಮಾನಿಸುತ್ತದೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ಅದು ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಮಾತ್ರೆಯ ವಿಷಯಕ್ಕೆ ಬರುತ್ತೇನೆ. ವಾಕರಿಕೆ ಶುರುವಾದ ಮೇಲೆ ನುಂಗಿದರೆ ಉಪಯೋಗ ಕಡಿಮೆ. ಮೆಕ್ಲಿಜಿನ್‌ನಂಥ ಮಾತ್ರೆಯನ್ನು ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಕಿವಿಯ ಹಿಂದೆ ಅಂಟಿಸುವ ಸ್ಕೋಪೊಲಮೈನ್ ಪಟ್ಟಿಯೂ ಇದೆ. ಅದನ್ನು ಕೆಲವು ಗಂಟೆ ಮೊದಲು ಹಾಕಿಕೊಂಡರೆ ಮೂರು ದಿನ ಕೆಲಸ ಮಾಡುತ್ತದೆ. ಎರಡರಿಂದಲೂ ಮಂಪರು ಬರಬಹುದು, ಬಾಯಿ ಒಣಗಬಹುದು. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇದ್ದವರಿಗೆ ಇವು ಆಗದೇ ಇರಬಹುದು. ಹೊರಡುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ.

ಅಮ್ಮನಿಗೆ ಕೊನೆಗೆ ಸಮಾಧಾನ ಕೊಟ್ಟದ್ದು ಬೇರೆಯೇ. ಬೆಳಗ್ಗೆ ಹಡಗಿನ ಹುಡುಗನೊಬ್ಬ ಅವರನ್ನು ನೋಡಿ, "ಒಳಗೆ ಮಲಗಬೇಡಿ, ಕೆಳಗಿನ ತೆರೆದ ಡೆಕ್‌ಗೆ ಬನ್ನಿ, ದೂರದ ಗೆರೆ ನೋಡಿ" ಅಂದ. ಹಡಗಿನ ನಡುಭಾಗದಲ್ಲಿ ಕುರ್ಚಿ ಹಾಕಿ ಕೂರಿಸಿದ. ಕ್ಯಾಬಿನ್‌ನೊಳಗೆ ಕಣ್ಣು ನೋಡುವುದು ಅಲ್ಲಾಡದ ಗೋಡೆಯನ್ನು. ಕಿವಿಯೊಳಗಿನ ಸಮತೋಲನದ ಅಂಗ ಮಾತ್ರ ಅಲ್ಲಾಡುತ್ತಿದ್ದೇವೆ ಅನ್ನುತ್ತಿರುತ್ತದೆ. ಈ ಎರಡರ ಜಗಳವೇ ವಾಕರಿಕೆ. ಕಡಲೂ ಆಕಾಶವೂ ಕೂಡುವ ಗೆರೆಯನ್ನು ನೋಡುತ್ತಾ ಕೂತರೆ ಕಣ್ಣಿಗೂ ಅದೇ ಚಲನೆ ಕಾಣುತ್ತದೆ. ಅರ್ಧ ಗಂಟೆಯಲ್ಲಿ ಅಮ್ಮನ ಮುಖಕ್ಕೆ ಬಣ್ಣ ಬಂತು. ಒಣ ಬಿಸ್ಕತ್ತು, ಒಂದು ಹಸಿರು ಸೇಬು ತಿಂದರು. ಹೊಟ್ಟೆ ಖಾಲಿ ಬಿಟ್ಟರೆ ವಾಕರಿಕೆ ಇನ್ನೂ ಜಾಸ್ತಿಯಾಗುತ್ತದೆ.

ಇನ್ನು ಹೊರಡುವ ಮೊದಲಿನ ತಯಾರಿ. ಹಡಗು ಹತ್ತುವ ಊರಿಗೆ ಒಂದು ದಿನ ಮೊದಲೇ ಹೋಗಿ. ನಾವು ಹಾಗೆ ಮಾಡಿದ್ದೆವು. ನಮ್ಮ ವಿಮಾನ ಐದು ಗಂಟೆ ತಡವಾದರೂ ನಾನು ಆರಾಮವಾಗಿದ್ದೆ. ಅದೇ ದಿನದ ವಿಮಾನ ಹಿಡಿದಿದ್ದರೆ ಬಂದರಿಗೆ ಹೋಗಿ ಖಾಲಿ ಕಡಲನ್ನು ನೋಡಬೇಕಾಗುತ್ತಿತ್ತು. ವೀಸಾ ವಿಷಯದಲ್ಲಿ ಅನೇಕರು ಎಡವುತ್ತಾರೆ. ಹಡಗು ಒಂದು ದೇಶದಿಂದ ಹೊರಟು, ಇನ್ನೊಂದಕ್ಕೆ ಹೋಗಿ, ಮತ್ತೆ ಮೊದಲನೆಯದಕ್ಕೆ ಬರುತ್ತದೆ ಅಂದರೆ ನೀವು ಆ ದೇಶಕ್ಕೆ ಎರಡು ಸಲ ಪ್ರವೇಶಿಸಿದ ಹಾಗೆ. ಒಂದೇ ಪ್ರವೇಶದ ವೀಸಾ ಸಾಲದೇ ಹೋಗಬಹುದು. ದಾರಿಯಲ್ಲಿರುವ ಪ್ರತಿ ದೇಶದ ನಿಯಮವನ್ನೂ ಒಂದೊಂದಾಗಿ ನೋಡಿಕೊಳ್ಳಿ. ವಿಮೆ ಮಾಡಿಸುವಾಗ ಹಡಗಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಅದರಲ್ಲಿ ಸೇರಿದೆಯಾ ಅಂತ ಕೇಳಿ. ಹಡಗಿನ ಕ್ಲಿನಿಕ್‌ನಲ್ಲಿ ಡಾಕ್ಟರ್ ಇರುತ್ತಾರೆ. ಆದರೆ ಪರಿಸ್ಥಿತಿ ಗಂಭೀರವಾದರೆ ದಡಕ್ಕೆ ಸಾಗಿಸಬೇಕಾಗುತ್ತದೆ. ಆ ಬಿಲ್ ದೊಡ್ಡದು.

ಹತ್ತುವ ದಿನ ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲೇ ತೆಗೆದುಕೊಂಡು ಬಿಡುತ್ತಾರೆ. ಅವು ಕ್ಯಾಬಿನ್ ಬಾಗಿಲಿಗೆ ಬರುವುದು ಸಂಜೆಗೆ, ಕೆಲವೊಮ್ಮೆ ಊಟದ ಹೊತ್ತಿಗೆ. ಅದಕ್ಕೇ ಕೈಚೀಲ ಮುಖ್ಯ. ಪಾಸ್‌ಪೋರ್ಟ್, ದಿನದ ಮಾತ್ರೆಗಳು, ಕನ್ನಡಕ, ಚಾರ್ಜರ್, ಒಂದು ಜೊತೆ ಬಟ್ಟೆ, ಈಜುವ ಆಸೆ ಇದ್ದರೆ ಈಜುಡುಗೆ. ಅಮ್ಮನ ಬಿಪಿ ಮಾತ್ರೆಯನ್ನು ನಾನು ದೊಡ್ಡ ಪೆಟ್ಟಿಗೆಗೆ ಹಾಕಿದ್ದೆ. ಸಂಜೆ ಏಳೂವರೆಗೆ ಪೆಟ್ಟಿಗೆ ಬರುವವರೆಗೆ ಕಾರಿಡಾರ್‌ನಲ್ಲಿ ಅಡ್ಡಾಡಿದ್ದು ಈಗಲೂ ನೆನಪಿದೆ. ಎರಡನೇ ಪ್ರವಾಸದಿಂದ ಔಷಧಿ ಯಾವತ್ತೂ ನನ್ನ ಹೆಗಲ ಮೇಲೇ.

ಇಸ್ತ್ರಿ ಪೆಟ್ಟಿಗೆ, ಕೆಟಲ್, ಮೇಣದಬತ್ತಿ ಒಯ್ಯಬೇಡಿ, ತೆಗೆದಿಟ್ಟುಕೊಳ್ಳುತ್ತಾರೆ. ಕರೆಂಟ್ ಏರಿಳಿತದಿಂದ ಕಾಯುವ ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಕೂಡ ಬೇಡ. ಹಡಗಿನ ವೈರಿಂಗ್ ಮನೆಯದರಂತಲ್ಲ, ಅದರಿಂದ ಬೆಂಕಿ ಹೊತ್ತಿಕೊಳ್ಳುವ ಅಪಾಯ ಇದೆ. ನಾಲ್ಕೈದು ಯುಎಸ್‌ಬಿ ಕಿಂಡಿ ಇರುವ ಒಂದು ಸಾದಾ ಚಾರ್ಜರ್ ಸಾಕು. ಕ್ಯಾಬಿನ್ ಗೋಡೆಗಳು ಹೆಚ್ಚಾಗಿ ಲೋಹದವು. ಹಾಗಾಗಿ ಅಯಸ್ಕಾಂತದ ಕೊಕ್ಕೆ ನಾಲ್ಕು ಇಟ್ಟುಕೊಂಡರೆ ಟೋಪಿ, ಒದ್ದೆ ಟವೆಲ್, ಚೀಲ ಎಲ್ಲವೂ ಗೋಡೆಗೆ ಹೋಗುತ್ತವೆ. ಅಷ್ಟು ಚಿಕ್ಕ ಕೋಣೆಯಲ್ಲಿ ಅದು ದೊಡ್ಡ ಉಪಕಾರ.

ಸುರಕ್ಷತಾ ಡ್ರಿಲ್, ಅಂದರೆ ತುರ್ತಿನಲ್ಲಿ ಏನು ಮಾಡಬೇಕು ಅನ್ನುವ ಅಭ್ಯಾಸದ ಬಗ್ಗೆ ಎರಡು ಮಾತು. ಅದನ್ನು ಸುಮ್ನೆ ಶಾಸ್ತ್ರಕ್ಕೆ ಅಂತ ಮುಗಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ತಾಗಿ ಮಗುಚಿತು. 32 ಜನ ಸತ್ತರು. ಅದೇ ದಿನ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಆಗ ಇನ್ನೂ ಡ್ರಿಲ್ ಆಗಿರಲಿಲ್ಲ. 24 ಗಂಟೆಯೊಳಗೆ ಮಾಡಿದರೆ ಸಾಕು ಅನ್ನುವುದು ಅಂದಿನ ನಿಯಮ. ಈಗ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಮಾಡಲೇಬೇಕು. ಕೆಲವು ಹಡಗುಗಳಲ್ಲಿ ಫೋನ್ ಅಥವಾ ಟಿವಿಯಲ್ಲಿ ವಿಡಿಯೊ ನೋಡಿ, ಆಮೇಲೆ ನಿಮ್ಮ ಮಸ್ಟರ್ ಸ್ಟೇಷನ್‌ಗೆ, ಅಂದರೆ ತುರ್ತಿನಲ್ಲಿ ನೀವು ಸೇರಬೇಕಾದ ಜಾಗಕ್ಕೆ ಹೋಗಿ ಹಾಜರಿ ಹಾಕಿಸಬೇಕು. ಏಳು ಚಿಕ್ಕ ಸೀಟಿ, ಆಮೇಲೆ ಒಂದು ಉದ್ದ ಸೀಟಿ ಕೇಳಿದರೆ ತುರ್ತು ಪರಿಸ್ಥಿತಿ ಅಂತ ಅರ್ಥ. ಆಗ ಲಿಫ್ಟ್ ಹತ್ತಬಾರದು. ನಾವು ಮೊದಲ ದಿನವೇ ಕ್ಯಾಬಿನ್‌ನಿಂದ ನಮ್ಮ ಸ್ಟೇಷನ್‌ವರೆಗೆ ಮೆಟ್ಟಿಲಲ್ಲೇ ಎರಡು ಸಲ ನಡೆದು ನೋಡಿದೆವು. ಅಮ್ಮನ ನಡಿಗೆಗೆ ಆರು ನಿಮಿಷ ಬೇಕಾಯಿತು. ಅದು ಗೊತ್ತಿದ್ದದ್ದೇ ನನಗೆ ಒಂದು ಧೈರ್ಯ.

ಫೋನ್ ಅನ್ನು ಹಡಗು ಹೊರಡುವಾಗಲೇ ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಕಡಲಿನಲ್ಲಿ ಹಡಗಿನದೇ ಮೊಬೈಲ್ ನೆಟ್‌ವರ್ಕ್ ಇರುತ್ತದೆ, ಅದು ಉಪಗ್ರಹದ ಮೂಲಕ ನಡೆಯುತ್ತದೆ. ಫೋನ್ ತಾನಾಗಿಯೇ ಅದಕ್ಕೆ ಸೇರಿಕೊಂಡರೆ ರೋಮಿಂಗ್ ಬಿಲ್ ಏರುತ್ತದೆ. ವೈಫೈ ಮಾತ್ರ ಆನ್ ಮಾಡಿಕೊಂಡರೆ ಹಡಗಿನ ಆಪ್ ನೋಡಲು ತೊಂದರೆ ಇಲ್ಲ.

ಹಡಗಿನಲ್ಲಿ ನಗದು ನಡೆಯುವುದು ಅಪರೂಪ. ಕ್ಯಾಬಿನ್ ಬಾಗಿಲು ತೆರೆಯುವ ಕಾರ್ಡ್ ತೋರಿಸಿದರೆ ಆಯಿತು, ಖರ್ಚು ನಿಮ್ಮ ಖಾತೆಗೆ. ಕೈಯಿಂದ ದುಡ್ಡು ಹೋಗುವುದು ಕಾಣದ ಕಾರಣ ಲೆಕ್ಕ ತಪ್ಪುತ್ತದೆ. ಮುಖ್ಯ ಊಟದ ಕೋಣೆ, ಬಫೆ, ಸಂಜೆಯ ಕಾರ್ಯಕ್ರಮಗಳು ಸಾಮಾನ್ಯವಾಗಿ ಟಿಕೆಟ್‌ನಲ್ಲೇ ಸೇರಿರುತ್ತವೆ. ವಿಶೇಷ ರೆಸ್ಟೋರೆಂಟ್, ಮದ್ಯ, ವೈಫೈ, ಸ್ಪಾ, ಫೋಟೊ ಬೇರೆ. ಸಿಬ್ಬಂದಿಗೆ ಕೊಡುವ ಟಿಪ್ ಹಣವನ್ನು ಅನೇಕ ಕಂಪನಿಗಳು ದಿನಕ್ಕೆ ಇಷ್ಟು ಅಂತ ತಲೆಲೆಕ್ಕದಲ್ಲಿ ಸೇರಿಸುತ್ತವೆ. ಖಾತೆಗೆ ಡೆಬಿಟ್ ಕಾರ್ಡ್ ಕೊಟ್ಟರೆ ಮುಂಗಡವಾಗಿ ಒಂದಷ್ಟು ಹಣವನ್ನು ತಡೆಹಿಡಿಯುತ್ತಾರೆ. ಅದು ಬಿಡುಗಡೆಯಾಗಲು ದಿನಗಳು ಹಿಡಿಯಬಹುದು. ಕ್ರೆಡಿಟ್ ಕಾರ್ಡ್ ವಾಸಿ. ನಾನು ನಾಲ್ಕನೇ ದಿನ ಬಿಲ್ ತೆಗೆದು ನೋಡಿದಾಗ ಒಂದೇ ಊಟ ಎರಡು ಸಲ ಬಿದ್ದಿತ್ತು. ಕೌಂಟರ್‌ನಲ್ಲಿ ಎರಡು ನಿಮಿಷದಲ್ಲಿ ಸರಿ ಮಾಡಿದರು. ಕೊನೆಯ ದಿನ ಅದೇ ಕೌಂಟರ್ ಮುಂದೆ ಉದ್ದ ಸಾಲು ಇತ್ತು.

ಈಗ ಬಂದರಿನ ದಿನ ನಡೆದದ್ದನ್ನು ಹೇಳಲೇಬೇಕು. ಐದನೇ ದಿನ ನಾವಿಬ್ಬರೇ ಊರು ನೋಡಲು ಇಳಿದೆವು. ಎಲ್ಲರೂ ವಾಪಸ್ ಹತ್ತಬೇಕಾದ ಸಮಯ ನಾಲ್ಕೂವರೆ. ಸುತ್ತಾಡಿ ಒಂದು ನೆರಳಿನಲ್ಲಿ ಕೂತಿದ್ದೆವು. ನನ್ನ ಫೋನ್‌ನಲ್ಲಿ ಮೂರು ಗಂಟೆ. ಇನ್ನೂ ಹೊತ್ತಿದೆ ಅಂದೆ. ಅಮ್ಮ ತಮ್ಮ ಕೈಗಡಿಯಾರ ನೋಡಿ, "ನಾಲ್ಕಾಯ್ತಲ್ಲೋ" ಅಂದರು. ಆಗ ಎದೆ ಧಸಕ್ಕೆಂದಿತು. ದಡಕ್ಕೆ ಇಳಿದ ಮೇಲೆ ರೋಮಿಂಗ್ ಹಾಕಿದ್ದೆ. ಫೋನ್ ತಾನಾಗಿಯೇ ಆ ಊರಿನ ಸಮಯಕ್ಕೆ ಬದಲಾಗಿತ್ತು. ಹಡಗಿನ ಸಮಯ ಅದಕ್ಕಿಂತ ಒಂದು ಗಂಟೆ ಮುಂದೆ. ಅಮ್ಮನ ಗಡಿಯಾರ ಮಾತ್ರ ಬೆಳಗ್ಗೆ ಹಡಗಿನ ಗಡಿಯಾರಕ್ಕೆ ಹೊಂದಿಸಿದ ಹಾಗೇ ಇತ್ತು. ಟ್ಯಾಕ್ಸಿ ಹಿಡಿದು ಬಂದೆವು. ಹಡಗಿನ ಮುಂದೆ ಬೆಳಗ್ಗೆ ಹಾಕಿದ್ದ ಬಿಳಿ ಚಪ್ಪರದ ಕಂಬಗಳನ್ನು ಬಿಚ್ಚಿ ಮಡಚುತ್ತಿದ್ದರು. ನೀರು ಕೊಡುತ್ತಿದ್ದ ಡ್ರಮ್ ಆಗಲೇ ಒಳಗೆ ಹೋಗಿತ್ತು. ನಾಲ್ಕು ಇಪ್ಪತ್ತೇಳಕ್ಕೆ ನಮ್ಮ ಕಾರ್ಡ್ 'ಟಿಂಗ್' ಅಂದಿತು. ನಮ್ಮ ಹಿಂದೆ ಇನ್ನಿಬ್ಬರು ಓಡಿ ಬಂದರು, ಅಷ್ಟೇ.

ಹಾಗಾಗಿ ಫೋನ್ ಸಮಯವನ್ನು ನಂಬಬೇಡಿ. ಒಂದು ಸಾದಾ ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ಇಟ್ಟುಕೊಳ್ಳಿ. ನಾನಂತೂ ಈಗ ಹತ್ತುವ ಸಮಯಕ್ಕೆ ಒಂದೂವರೆ ಗಂಟೆ ಮೊದಲೇ ಬಂದರಿನ ಕಡೆ ಮುಖ ಮಾಡುತ್ತೇನೆ. ಹಡಗಿನವರೇ ಏರ್ಪಡಿಸಿದ ಪ್ರವಾಸದಲ್ಲಿ ಹೋಗಿ ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ನಿಮ್ಮನ್ನು ಮುಂದಿನ ಬಂದರಿಗೆ ತಲುಪಿಸುವ ಹೊಣೆ ಹೊತ್ತುಕೊಳ್ಳುತ್ತದೆ. ಸ್ವಂತವಾಗಿ ಹೋದರೆ ಕಾಯುವುದಿಲ್ಲ. ಹತ್ತಿರದಲ್ಲೇ ಸುತ್ತಾಡುವುದಾದರೆ ಸ್ವಂತವಾಗಿ ಹೋಗುವುದೇ ನನಗಿಷ್ಟ. ಎರಡು ಗಂಟೆ ದೂರದ ಜಾಗವಾದರೆ ಜಾಸ್ತಿ ಕೊಟ್ಟರೂ ಪರವಾಗಿಲ್ಲ, ಹಡಗಿನ ಪ್ರವಾಸವೇ ಸರಿ. ದಿನದ ಕಾರ್ಯಕ್ರಮದ ಹಾಳೆಯಲ್ಲಿ ಸಾಮಾನ್ಯವಾಗಿ ಆ ಊರಿನಲ್ಲಿ ಹಡಗಿನ ಪ್ರತಿನಿಧಿಯಾಗಿರುವ ಪೋರ್ಟ್ ಏಜೆಂಟ್ ನಂಬರ್ ಇರುತ್ತದೆ, ಅದರ ಫೋಟೊ ತೆಗೆದುಕೊಂಡು ಇಳಿಯಿರಿ. ಹಡಗು ತಪ್ಪಿದರೆ ಮೊದಲು ಫೋನ್ ಮಾಡಬೇಕಾದವರು ಅವರೇ.

ಕೆಲವು ಕಡೆ ದೊಡ್ಡ ಹಡಗಿಗೆ ದಕ್ಕೆ ಸಿಗುವುದಿಲ್ಲ. ದೂರದಲ್ಲೇ ಲಂಗರು ಹಾಕಿ ಟೆಂಡರ್ ಎಂಬ ಚಿಕ್ಕ ದೋಣಿಯಲ್ಲಿ ದಡಕ್ಕೆ ಬಿಡುತ್ತಾರೆ. ಅಲೆ ಜೋರಾಗಿದ್ದರೆ ಆ ಬಂದರನ್ನೇ ಬಿಟ್ಟು ಮುಂದೆ ಹೋಗುವುದೂ ಉಂಟು. ಮೊಣಕಾಲು ನೋವಿರುವವರು ಬುಕಿಂಗ್‌ಗೆ ಮೊದಲೇ ಯಾವ ಬಂದರು ಟೆಂಡರ್‌ದು ಅಂತ ನೋಡಿಕೊಳ್ಳಬೇಕು. ಅಲ್ಲಾಡುವ ದೋಣಿಗೆ ಕಾಲಿಡುವುದು ಅವರಿಗೆ ಸುಲಭವಲ್ಲ.

ಕೈ ತೊಳೆಯುವುದು ಚಿಕ್ಕ ವಿಷಯ ಅನ್ನಿಸಬಹುದು. ಹಡಗಿನಲ್ಲಿ ಹೊಟ್ಟೆ ಕೆಡಿಸುವ ನೊರೊವೈರಸ್ ಬೇಗ ಹರಡುತ್ತದೆ. ಸ್ಯಾನಿಟೈಸರ್‌ಗೆ ಅದು ಅಷ್ಟಾಗಿ ಬಗ್ಗುವುದಿಲ್ಲ. ಸೋಪು, ನೀರು, 20 ಸೆಕೆಂಡ್. ಬಫೆಗೆ ಹೋಗುವ ಮೊದಲಂತೂ ಖಂಡಿತ.

ಬಾಲ್ಕನಿ ಇದ್ದರೆ ಒಂದು ಎಚ್ಚರಿಕೆ. ಬಾಲ್ಕನಿ ಬಾಗಿಲು ತೆರೆದಿದ್ದಾಗ ಕ್ಯಾಬಿನ್ ಬಾಗಿಲು ತೆರೆಯಬೇಡಿ. ಗಾಳಿ ನುಗ್ಗಿ ಬಾಗಿಲು ಧಡ್ ಅಂತ ಬಡಿಯುತ್ತದೆ, ಬೆರಳು ಸಿಕ್ಕಿದರೆ ಮುಗಿಯಿತು. ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್‌ನಲ್ಲಿ ರಾತ್ರಿ ಕಗ್ಗತ್ತಲು, ಅಂಗೈ ಕೂಡ ಕಾಣುವುದಿಲ್ಲ. ಟಿವಿಯಲ್ಲಿ ಹಡಗಿನ ಮುಂಭಾಗದ ಕ್ಯಾಮೆರಾ ಚಾನೆಲ್ ಇದ್ದರೆ ಸದ್ದು ತೆಗೆದು ಹಾಗೇ ಹಾಕಿಡಿ. ರಾತ್ರಿ ಮಂದ ಬೆಳಕಿನ ದೀಪದಂತಿರುತ್ತದೆ. ಅಲ್ಲಿ ಬೆಳ್ಳಗಾದರೆ ಹೊರಗೂ ಬೆಳಗಾಯಿತು ಅಂತ ಗೊತ್ತಾಗುತ್ತದೆ.

ಎರಡನೇ ಸಲ ಹೋದಾಗ ನಡುಭಾಗದ ಕೆಳಗಿನ ಡೆಕ್‌ನ ಕ್ಯಾಬಿನ್ ತೆಗೆದುಕೊಂಡೆ. ಅಲೆ ಏಳುವ ಸೂಚನೆ ಸಿಕ್ಕ ಸಂಜೆಯೇ ಡಾಕ್ಟರ್ ಹೇಳಿದ ಮಾತ್ರೆ ಅಮ್ಮನಿಗೆ ಕೊಟ್ಟೆ. ಹ್ಯಾಂಗರ್‌ಗಳ ನಡುವೆ ಒಂದು ಟವೆಲ್ ತುರುಕಿದೆ. ಅಮ್ಮ ಬೆಳಗಿನವರೆಗೆ ಹೊರಳಲೂ ಇಲ್ಲ.

ಕೊನೆಯ ರಾತ್ರಿ ಪೆಟ್ಟಿಗೆಗಳಿಗೆ ಚೀಟಿ ಕಟ್ಟಿ ಬಾಗಿಲ ಹೊರಗೆ ಇಡಬೇಕು. ಇಡುವ ಮೊದಲು ಮರುದಿನ ಹಾಕುವ ಬಟ್ಟೆ, ಚಪ್ಪಲಿ, ಔಷಧಿ, ಪಾಸ್‌ಪೋರ್ಟ್ ಪೆಟ್ಟಿಗೆಗೆ ಸೇರದೆ ನಿಮ್ಮ ಬಳಿಯೇ ಇದೆಯಾ ನೋಡಿ. ಪೆಟ್ಟಿಗೆ ಮತ್ತೆ ಸಿಗುವುದು ದಡದ ಮೇಲೆಯೇ. ಇಳಿಯುವ ದಿನದ ವಿಮಾನ ಮಧ್ಯಾಹ್ನದ ಮೇಲಿರಲಿ. ಸಾಧ್ಯವಾದರೆ ಅಂದು ಬೆಳಗಿನ ಜಾವ ಎದ್ದು ಮೇಲಿನ ಡೆಕ್‌ಗೆ ಹೋಗಿ. ಬಂದರಿನ ದಾರಿ ಬಲ್ಲ ಪೈಲಟ್‌ನನ್ನು ಕರೆತರುವ ಪುಟ್ಟ ದೋಣಿ ಹಡಗಿನ ಪಕ್ಕಕ್ಕೆ ಬಂದು, ಆತ ಹಗ್ಗದ ಏಣಿ ಹಿಡಿದು ಹತ್ತುವುದನ್ನು ನೋಡಬಹುದು. ಅಮ್ಮ ಅದನ್ನು ಕೊನೆಯವರೆಗೂ ನೋಡಿದರು. ಇಳಿಯಲು ನಮ್ಮ ಗುಂಪಿನ ಸಂಖ್ಯೆ ಕರೆಯುವವರೆಗೆ ಆ ಕಂಬಿ ಬಿಟ್ಟು ಕದಲಲಿಲ್ಲ.