ಗೋಡೆಗೆ ಒರಗಿ ಹತ್ತು ನಿಮಿಷ: ಕ್ರಾನಿಕ್ ಫಟೀಗ್ ಸಿಂಡ್ರೋಮ್‌ನಲ್ಲಿ ರಕ್ತನಾಳ ಪರೀಕ್ಷೆ

ಕ್ರಾನಿಕ್ ಫಟೀಗ್ ಸಿಂಡ್ರೋಮ್ (ವಿಶ್ರಾಂತಿ ತೆಗೆದುಕೊಂಡರೂ ಹೋಗದೆ ತಿಂಗಳುಗಟ್ಟಲೆ ಕಾಡುವ ಸುಸ್ತಿನ ಕಾಯಿಲೆ) ಇರುವವರು ಕೂತು ಬಿಪಿ ನೋಡಿಸಿಕೊಂಡರೆ ಸಾಮಾನ್ಯವಾಗಿ ‘ನಾರ್ಮಲ್’ ಎಂದೇ ಬರುತ್ತದೆ. ಎಡವಟ್ಟು ಗೊತ್ತಾಗುವುದು ನಿಂತಾಗ. ಎದ್ದು ನಿಂತ ಕೂಡಲೇ ಯಾರಿಗೇ ಆದರೂ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹೊಟ್ಟೆ, ಕಾಲುಗಳತ್ತ ಇಳಿಯುತ್ತದೆ. ಆಗ ರಕ್ತನಾಳಗಳು ಬಿಗಿದು ಅದನ್ನು ಮೇಲಕ್ಕೆ ಕಳಿಸಬೇಕು. ಈ ರೋಗದಲ್ಲಿ ಅನೇಕರಿಗೆ ಆ ಬಿಗಿತ ಸಾಲುವುದಿಲ್ಲ. ಮನೆಯಲ್ಲೇ ಅದರ ಸುಳಿವು ಹಿಡಿಯಲು ‘ನಾಸಾ ಲೀನ್ ಟೆಸ್ಟ್’, ಅಂದರೆ ಗೋಡೆಗೆ ಒರಗಿ ನಿಂತು ಮಾಡುವ ಪರೀಕ್ಷೆ ಇದೆ.

ತೋಳಿಗೆ ಕಟ್ಟುವ ಬಿಪಿ ಮೆಷಿನ್ ಬೇಕು, ಜೊತೆಗೆ ಇನ್ನೊಬ್ಬರು ಇರಲೇಬೇಕು: ಬರೆದುಕೊಳ್ಳಲಿಕ್ಕೂ, ಬಿದ್ದರೆ ಹಿಡಿಯಲಿಕ್ಕೂ. ಹಾಸಿಗೆ ಹಿಡಿದವರು, ಹಿಂದೆ ಪ್ರಜ್ಞೆ ತಪ್ಪಿದವರು ವೈದ್ಯರ ಎದುರೇ ಮಾಡಿಸಿಕೊಳ್ಳಲಿ. ಬೆಳಿಗ್ಗೆ, ಕಾಫಿಗೆ ಮುಂಚೆ ಮಾಡುವುದು ಒಳ್ಳೆಯದು. ಬಿಗಿ ಸಾಕ್ಸ್ ತೆಗೆದಿಡಿ. ಮಾತ್ರೆಗಳನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಮೊದಲು ಹತ್ತು ನಿಮಿಷ ಅಂಗಾತ ಮಲಗಿ. ಕೊನೆಗೆ ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಬಿಪಿ, ನಾಡಿಬಡಿತ ಬರೆದುಕೊಳ್ಳಿ. ಆಮೇಲೆ ಎದ್ದು, ಹಿಮ್ಮಡಿಗಳನ್ನು ಗೋಡೆಯಿಂದ ಅರ್ಧ ಅಡಿ ಮುಂದಿಟ್ಟು, ಹೆಗಲಿನ ಹಿಂಭಾಗವನ್ನಷ್ಟೇ ಗೋಡೆಗೆ ತಾಗಿಸಿ ನಿಲ್ಲಿ. ಪ್ರತಿ ನಿಮಿಷಕ್ಕೊಮ್ಮೆ, ಹತ್ತು ನಿಮಿಷದವರೆಗೆ ಅಳೆಯಿರಿ. ಕಣ್ಣು ಕತ್ತಲೆಗಟ್ಟಿದರೆ, ಬೆವರಿದರೆ ಅಲ್ಲಿಗೇ ನಿಲ್ಲಿಸಿ ಮಲಗಿ.

ಪರೀಕ್ಷೆ ಕೆಡುವುದು ಹೆಚ್ಚಾಗಿ ಕಾಲಿನಿಂದ. ಬೆರಳು ಆಡಿಸಿದರೂ, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸಿದರೂ ಮೀನಖಂಡ ಪಂಪಿನಂತೆ ರಕ್ತವನ್ನು ಮೇಲೆತ್ತಿ ತೊಂದರೆಯನ್ನು ಮುಚ್ಚಿಹಾಕುತ್ತದೆ. ಮಾತೂ ಬೇಡ. ತೋಳು ಜೋತುಬಿದ್ದಿದ್ದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ; ಜೊತೆಯಲ್ಲಿರುವವರು ಅದನ್ನು ಎದೆಯ ಮಟ್ಟಕ್ಕೆ ಹಿಡಿದುಕೊಳ್ಳಲಿ. ಕೈ ತಣ್ಣಗಿದ್ದಾಗ ನಾಡಿಬಡಿತಕ್ಕೆ ಬೆರಳಿನ ಆಕ್ಸಿಮೀಟರ್ ನೆಚ್ಚಬೇಡಿ.

ಮಲಗಿದ್ದಾಗಿನ ಬಡಿತಕ್ಕಿಂತ ನಿಂತಾಗ ನಿಮಿಷಕ್ಕೆ 30 ಅಥವಾ ಹೆಚ್ಚು ಏರಿ ಇಳಿಯದೆ ಹಾಗೇ ಉಳಿದರೆ (12ರಿಂದ 19 ವಯಸ್ಸಿನವರಿಗೆ 40) ಪಾಟ್ಸ್ (ನಿಂತಾಗ ಹೃದಯಬಡಿತ ವಿಪರೀತ ಏರುವ ತೊಂದರೆ) ಇರಬಹುದು. ಮೊದಲ ಮೂರು ನಿಮಿಷದೊಳಗೆ ಬಿಪಿಯ ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ಅದು ನಿಂತಾಗ ಬಿಪಿ ಕುಸಿಯುವ ತೊಂದರೆ. ಎರಡು ಸಂಖ್ಯೆಗಳ ನಡುವಿನ ಅಂತರವನ್ನೂ ನೋಡಿ, ಇದನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ. 108/88 ಬಂದರೆ ಅಂತರ ಬರೀ 20. 108ರ ಕಾಲುಭಾಗವಾದ 27ಕ್ಕಿಂತ ಕಡಿಮೆ, ಅಂದರೆ ಹೃದಯಕ್ಕೆ ಮರಳುವ ರಕ್ತ ಸಾಲದೆ ಇರಬಹುದು. ಪಾದ ನೇರಳೆಗೆ ತಿರುಗಿದರೆ ಫೋಟೋ ತೆಗೆದಿಡಿ.

ಎಲ್ಲ ಅಂಕಿಗಳೂ ಸರಿಯಿದ್ದು ತಲೆ ಮಂಕಾದರೆ ಅದನ್ನೂ ನಿಮಿಷದ ಸಮೇತ ಬರೆಯಿರಿ. ನೆದರ್‌ಲೆಂಡ್ಸ್‌ನ ಸಂಶೋಧಕರು 2020ರಲ್ಲಿ ಕತ್ತಿನ ರಕ್ತನಾಳಗಳನ್ನು ಡಾಪ್ಲರ್‌ನಲ್ಲಿ (ರಕ್ತದ ಹರಿವು ಅಳೆಯುವ ಸ್ಕ್ಯಾನ್) ಅಳೆದಾಗ, ತಲೆ ಮೇಲಾಗಿ ಓರೆ ನಿಲ್ಲಿಸಿದ ರೋಗಿಗಳ ಮಿದುಳಿನ ರಕ್ತಹರಿವು ಸರಾಸರಿ 26% ಇಳಿದಿತ್ತು, ಆರೋಗ್ಯವಂತರಲ್ಲಿ 7%. ಬಿಪಿ, ಬಡಿತ ಸರಿಯಿದ್ದ ರೋಗಿಗಳಲ್ಲೂ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು.

ಪರೀಕ್ಷೆಯ ಸುಸ್ತು ಮರುದಿನ ಹೊಡೆಯುವುದುಂಟು. ಪರೀಕ್ಷೆಯ ದಿನ, ಮರುದಿನ ಎರಡೂ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.